ಕಾಳಿಯ ಪಾಪ

ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನದ ಬಗ್ಗೆ ಮಾತಾಡುವವರೆಲ್ಲ ಹೆಚ್ಚುಕಡಿಮೆ ಒಂದೇ ಕತೆ ಹೇಳುತ್ತಾರೆ. ತಕ್ಕೋಲದ ಯುದ್ಧದಲ್ಲಿ ಮಣಲೇರನೆಂಬ ವೀರ ಪರಾಕ್ರಮ ತೋರಿದ. ಮೆಚ್ಚಿದ ಒಡೆಯ, ಏನು ಬೇಕೋ ಕೇಳು ಎಂದ. ಮಣಲೇರ ಹೊನ್ನು ಕೇಳಲಿಲ್ಲ, ಮಣ್ಣು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಆ ನಾಯಿ ಕಾಡುಹಂದಿಯೊಂದಿಗೆ ಕಾದಾಡಿ ಸತ್ತಿತು. ಅದರ ನೆನಪಿಗೆ ಕಲ್ಲು ನಿಂತಿತು. ಇಷ್ಟಾದ ಮೇಲೆ ಭಾಷಣಕಾರರ ದನಿ ಸ್ವಲ್ಪ ಏರುತ್ತದೆ: ಸಾವಿರ ವರ್ಷದ ಹಿಂದೆಯೇ ನಾಯಿಗೆ ಸ್ಮಾರಕ ನಿಲ್ಲಿಸಿದ ನಾಡು ನಮ್ಮದು, ಕನ್ನಡಿಗರ ಪ್ರಾಣಿದಯೆಗೆ ಇದಕ್ಕಿಂತ ಸಾಕ್ಷಿ ಬೇಕೆ? ಕೆಲವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಜಗತ್ತಿನಲ್ಲೇ ಮೊದಲು ಎಂದೂ ಸೇರಿಸುತ್ತಾರೆ.

ಜಗತ್ತಿನಲ್ಲೇ ಮೊದಲು ಎಂಬ ಮಾತನ್ನು ಬೇಗ ಮುಗಿಸಿಬಿಡಬಹುದು. ರೋಮನ್ನರು ಇದಕ್ಕೂ ಶತಮಾನಗಳ ಹಿಂದೆ ನಾಯಿಗಳಿಗೆ ಸಮಾಧಿಲೇಖ ಬರೆಸಿದ್ದರು. ಮಾರ್ಗರಿಟಾ ಎಂಬ ಬೇಟೆನಾಯಿಯ ಅಮೃತಶಿಲೆಯ ಫಲಕ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ನನ್ನ ತಕರಾರು ಅದರ ಬಗ್ಗೆ ಅಲ್ಲ. ಪ್ರಾಣಿದಯೆ ಎನ್ನುವ ವಿವರಣೆಯ ಬಗ್ಗೆ. ಆ ವಿವರಣೆಯಲ್ಲಿ ಸುಳ್ಳು ಕಡಿಮೆ, ಕಲ್ಲಿನಲ್ಲಿದ್ದೂ ಕೈಬಿಟ್ಟದ್ದು ಹೆಚ್ಚು. ಕೈಬಿಟ್ಟದ್ದನ್ನೆಲ್ಲ ಮತ್ತೆ ಸೇರಿಸಿದರೆ ಅದು ದಯೆಯ ಕತೆಯಾಗಿ ಉಳಿಯುವುದಿಲ್ಲ.

ಮೊದಲು ಮಣ್ಣಿನ ವಿಚಾರ. ಶಾಸನದ ಕಾಲ ಶಕ 872, ಅಂದರೆ ಕ್ರಿ.ಶ. 949-50. ಅದರಲ್ಲಿ ಬರುವ ಕನ್ನರದೇವ ಎಂದರೆ ರಾಷ್ಟ್ರಕೂಟರ ಮೂರನೆಯ ಕೃಷ್ಣ. ಅವನ ಜೊತೆಗಿದ್ದವನು ಗಂಗರ ಇಮ್ಮಡಿ ಬೂತುಗ. ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದವನು ಬೂತುಗ. ಆನೆಯ ಅಂಬಾರಿಯೇ ಕಾಳಗದ ಕಣವಾಯಿತು ಎಂಬರ್ಥದಲ್ಲಿ ವಿದ್ವಾಂಸರು ಅದನ್ನು ಹೇಳುವ ಸಾಲನ್ನು ಬಿಡಿಸುತ್ತಾರೆ. ಚೋಳರ ಕಡೆಯ ತಮಿಳು ಶಾಸನಗಳೂ ರಾಜಾದಿತ್ಯನನ್ನು ಆನೆಯ ಮೇಲೆ ಮಡಿದ ದೊರೆ ಎಂದೇ ನೆನೆಯುತ್ತವೆ. ಈ ಗೆಲುವಿಗೆ ಪ್ರತಿಯಾಗಿ ಕೃಷ್ಣ ಬೂತುಗನಿಗೆ ಬನವಾಸಿ ಹನ್ನೆರಡು ಸಾಸಿರ, ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು ಮೊದಲಾದ ನಾಡುಗಳನ್ನು ಕೊಟ್ಟ. ಬೂತುಗ ತನ್ನ ಪಾಲಿನಿಂದ ಮಣಲೇರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಒಂದು ಊರನ್ನೂ ಬಾಳ್ಗಚ್ಚಾಗಿ ಕೊಟ್ಟ. ಬಾಳ್ಗಚ್ಚು ಎಂದರೆ ಕತ್ತಿ ತೊಳೆದು ಕೊಡುವ ದತ್ತಿ, ಯುದ್ಧದಲ್ಲಿ ದುಡಿದವನಿಗೆ ಸಲ್ಲುವ ಸಂಬಳ. ಇದೆಲ್ಲ ಅದೇ ಕಲ್ಲಿನಲ್ಲಿದೆ.

ಹಾಗಾದರೆ ‘ಹೊನ್ನಲ್ಲ, ಮಣ್ಣಲ್ಲ, ಬರೀ ನಾಯಿ’ ಎಂಬ ವಾಕ್ಯ ಎಲ್ಲಿಂದ ಬಂತು? ಕಲ್ಲಿನ ಅರ್ಧ ಓದಿದ್ದರಿಂದ ಬಂತು. ಮಣಲೇರ ನಾಯಿಯನ್ನು ಕೇಳಿದ್ದು ನಿಜ. ಮಣ್ಣು ಅವನಿಗೆ ಬಂದದ್ದೂ ಅಷ್ಟೇ ನಿಜ. ಇದರಿಂದ ಅವನು ಸಣ್ಣವನಾಗುವುದಿಲ್ಲ. ಆದರೆ ಅವನನ್ನು ಸಾಕುನಾಯಿಯ ಮೋಹಕ್ಕೆ ಸಂಪತ್ತು ತೊರೆದ ಸಂತನನ್ನಾಗಿ ಮಾಡಿಕೊಂಡವರು ನಾವು. ಅವನು ದಂಡಿನವನು. ದಂಡಿನವನಿಗೆ ಕುದುರೆ, ಕತ್ತಿ, ಬೇಟೆನಾಯಿ, ಊರು, ಎಲ್ಲವೂ ಒಂದೇ ಸಾಲಿನ ಸನ್ಮಾನಗಳು. ಒಡೆಯನ ಬೇಟೆನಾಯಿಯನ್ನು ಪಡೆಯುವುದೆಂದರೆ ಒಡೆಯನ ಬೇಟೆಯಲ್ಲಿ ಪಾಲು ಪಡೆದಂತೆ, ಅವನ ಸರೀಕರ ಸಾಲಿನಲ್ಲಿ ನಿಂತಂತೆ. ಅದು ಪ್ರೀತಿಯ ಬೇಡಿಕೆಯೂ ಆಗಿರಬಹುದು. ಪದವಿಯ ಬೇಡಿಕೆಯಂತೂ ಹೌದು.

ಇನ್ನು ಹಂದಿ. ಕೆಳಲೆನಾಡಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಕಲ್ಲಿನ ಮೇಲಿನ ಕೆತ್ತನೆಯ ವಿಷಯವೂ ಅದೇ: ನಾಯಿ ಮತ್ತು ಹಂದಿಯ ಕಾಳಗ. ಕೆತ್ತಿದವನು ಹಂದಿಯನ್ನು ಮೂಲೆಗೆ ತಳ್ಳಲಿಲ್ಲ, ನಾಯಿಯ ಕಾಲಡಿಗೆ ಹಾಕಲಿಲ್ಲ. ಎದುರುಬದುರು ನಿಲ್ಲಿಸಿದ. ದಯೆಯ ಕತೆ ಹೇಳುವವರಿಗೆ ಮಾತ್ರ ಈ ಹಂದಿ ಬೇಕಿಲ್ಲ. ಅವರ ಕತೆಯಲ್ಲಿ ಅದು ನಾಯಿ ಸಾಯಲು ಒದಗಿದ ನೆಪ. ಪ್ರಾಣಿಪ್ರೀತಿಯ ಸ್ಮಾರಕವೆಂದು ನಾವು ಕೊಂಡಾಡುವ ಕಲ್ಲಿನಲ್ಲಿ ಎರಡು ಪ್ರಾಣಿಗಳಿವೆ, ನಮ್ಮ ಪ್ರೀತಿ ಸಲ್ಲುವುದು ಒಂದಕ್ಕೆ. ಈ ಲೆಕ್ಕ ಯಾರೂ ಕೇಳುವುದಿಲ್ಲ.

ಶಾಸನ ಬರೆದವರು ಕೇಳಿದ್ದರು. ಕೊನೆಯ ಭಾಗಕ್ಕೆ ಬನ್ನಿ. ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿ ಎರಡು ಕಂಡುಗ ಮಣ್ಣು ಬಿಟ್ಟರು. ಆ ಮಣ್ಣನ್ನು ಕೆಡಿಸಿದವನಿಗೆ, ಆ ಸ್ಥಾನ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೆ, ನಾಯಿ ಮಾಡಿದ ಪಾಪ ತಟ್ಟುತ್ತದೆ ಎಂದು ಶಾಪವಿಟ್ಟರು. ನಮ್ಮ ಶಾಸನಗಳ ಕೊನೆಯಲ್ಲಿ ಶಾಪ ಹೊಸದಲ್ಲ. ಕವಿಲೆಯನ್ನು ಕೊಂದ ಪಾಪ, ವಾರಣಾಸಿಯನ್ನು ಅಳಿದ ಪಾಪ ಎಂದು ಸಿದ್ಧ ಮಾತುಗಳಿವೆ. ಇಲ್ಲಿ ಆ ಸಿದ್ಧ ಮಾತನ್ನು ಬಿಟ್ಟು ನಾಯಿಯ ಪಾಪವನ್ನು ತಂದಿದ್ದಾರೆ. ಯಾವುದು ಆ ಪಾಪ? ನಾಯಿಜನ್ಮಕ್ಕೆ ಬಂದದ್ದೇ ಪಾಪದ ಫಲ ಎಂದು ಓದಬಹುದು. ನನಗೆ ಹೆಚ್ಚು ಸರಿಯೆನ್ನಿಸುವ ಓದು ಬೇರೆ: ಅದು ಕೊಲೆಯ ಪಾಪ, ಬೇಟೆಯಾಡಿ ಬದುಕಿದ ಪಾಪ. ಕಾಳಿಯನ್ನು ಹೊಗಳಿ ಪೂಜೆಗಿಟ್ಟ ಕಲ್ಲೇ ಕಾಳಿಯ ಹೆಸರಿಗೆ ಒಂದು ಪಾಪವನ್ನೂ ಬರೆದಿಟ್ಟಿದೆ. ಯಾವ ದೃಷ್ಟಿಯಿಂದ ನೋಡಿದರೂ ಇದು ‘ಪಾಪ, ಮೂಕಪ್ರಾಣಿ’ ಎನ್ನುವ ಮನಸ್ಸಲ್ಲ. ಕೊಲ್ಲುವುದು ಗೌರವದ ಕೆಲಸ, ಅದಕ್ಕೊಂದು ಸಾಲವೂ ಇದೆ, ಸಾಲ ತೀರಿಸಲು ಪೂಜೆ, ಪೂಜೆ ನಡೆಯಲು ಮಣ್ಣು, ಮಣ್ಣು ಉಳಿಯಲು ಶಾಪ. ಬೇಟೆಗಾರರ ಲೆಕ್ಕಪುಸ್ತಕ ಇದು.

ಲೆಕ್ಕ ಎಂದದ್ದು ಅಲಂಕಾರಕ್ಕಲ್ಲ. ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಮೇಲಾಗಣಿಯಲ್ಲಿ ಧಳಗ, ಲೋಗ ಎಂಬ ಎರಡು ಬೇಟೆನಾಯಿಗಳ ಕಲ್ಲಿದೆ. ಕೊಂದ ಹಂದಿಗಳ ಸಂಖ್ಯೆಯನ್ನೇ ಅಲ್ಲಿ ಬರೆಸಿದ್ದಾರೆ: ಒಂದರ ಪಾಲಿಗೆ 75, ಇನ್ನೊಂದರ ಪಾಲಿಗೆ 26. ಸಾಕುನಾಯಿ ಸತ್ತಾಗ ಅತ್ತವರು ಹೀಗೆ ಬರೆಸುವುದಿಲ್ಲ. ಇದು ಕೆಲಸಗಾರನ ದಾಖಲೆ. ಬೇಟೆನಾಯಿ ಎಂದರೆ ಉಸಿರಾಡುವ ಆಯುಧ. ಬೆಳೆಸಬೇಕು, ಪಳಗಿಸಬೇಕು, ಹಸಿವು ಕಾಯಿಸಿ ಬಿಡಬೇಕು, ಗಾಯಕ್ಕೆ ಮದ್ದು ಹಾಕಬೇಕು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಬೇಟೆಗೊಂದು ಪ್ರಕರಣ, ನಾಯಿಗಳಿಗೇ ಇನ್ನೊಂದು ಪ್ರಕರಣ ಇರುವುದು ಸುಮ್ಮನಲ್ಲ. ಅದು ಒಂದು ವಿದ್ಯೆ. ಆ ವಿದ್ಯೆಯನ್ನು ಅಳಿಸಿ ಪ್ರೀತಿಯೊಂದನ್ನೇ ಉಳಿಸಿಕೊಂಡರೆ, ಉಳಿಯುವ ಪ್ರೀತಿ ನಮ್ಮದು, ಹತ್ತನೇ ಶತಮಾನದವರದ್ದಲ್ಲ.

ಇಲ್ಲಿ ಒಮ್ಮೆ ದೂರದ ನಾಡಿನತ್ತ ನೋಡುವುದು ಲಾಭ. ಅಲಾಸ್ಕಾ, ಕೆನಡಾ, ಗ್ರೀನ್‌ಲ್ಯಾಂಡುಗಳ ಹಿಮದ ಕರಾವಳಿಯ ಇನುಯಿಟ್ ಜನರ ಪೂರ್ವಿಕರು ಅಲಾಸ್ಕಾದಿಂದ ಪೂರ್ವಕ್ಕೆ ಹರಡಿಕೊಂಡದ್ದು ಸುಮಾರು ಕ್ರಿ.ಶ. 1000ದ ನಂತರ, ಆತಕೂರಿನ ಕಲ್ಲು ಆಗಿನ್ನೂ ಹೊಸದು. ಅವರ ಬದುಕೆಲ್ಲ ಸೀಲ್, ವಾಲ್ರಸ್, ತಿಮಿಂಗಿಲ, ಹಿಮಕರಡಿಗಳ ಬೇಟೆಯ ಮೇಲೆ. ಅವರ ಬೇಟೆಯ ಈಟಿ, ಅಂದರೆ ಹಾರ್ಪೂನ್, ಬುದ್ಧಿಯ ಕೆಲಸ. ವಾಲ್ರಸ್ ದಂತದಲ್ಲೋ ಜಿಂಕೆಯ ಕೊಂಬಿನಲ್ಲೋ ಮಾಡಿದ ಅದರ ತುದಿ ಪ್ರಾಣಿಯ ಚರ್ಮ ತೂರಿ ಒಳಹೊಕ್ಕೊಡನೆ ಹಿಡಿಯಿಂದ ಕಳಚಿಕೊಳ್ಳುತ್ತದೆ. ಹಗ್ಗ ಬಿಗಿಯಾದಾಗ ಒಳಗೇ ಅಡ್ಡ ತಿರುಗುತ್ತದೆ, ಅಂಗಿಯ ಗುಂಡಿ ಕಾಜಾದಾಚೆ ಅಡ್ಡ ನಿಂತ ಹಾಗೆ. ಆಮೇಲೆ ಪ್ರಾಣಿ ಎಷ್ಟು ಜಗ್ಗಿದರೂ ಬಿಡದು. ಹಗ್ಗದ ಇನ್ನೊಂದು ಕೊನೆಗೆ ಗಾಳಿ ತುಂಬಿದ ಸೀಲ್ ಚರ್ಮದ ಚೀಲ. ಪ್ರಾಣಿ ಮುಳುಗಿ ತಪ್ಪಿಸಿಕೊಳ್ಳದಂತೆ ಅದು ಮೇಲಕ್ಕೆ ಎಳೆಯುತ್ತಿರುತ್ತದೆ.

ಬೇರಿಂಗ್ ಜಲಸಂಧಿಯ ಸುತ್ತ ಸುಮಾರು ಎರಡು ಸಾವಿರ ವರ್ಷ ಹಳೆಯ ದಂತದ ಕೆತ್ತನೆಗಳು ಸಿಕ್ಕಿವೆ. ಅವುಗಳಲ್ಲಿ ಚಿಟ್ಟೆಯ ಆಕಾರದ, ಮೈತುಂಬ ನವಿರಾದ ಗೆರೆ, ವೃತ್ತ, ಕಣ್ಣುಗಳನ್ನು ಕೊರೆದ ಕೆಲವು ವಸ್ತುಗಳಿವೆ. ರೆಕ್ಕೆಯ ವಸ್ತುಗಳು ಎಂದಷ್ಟೇ ಅವಕ್ಕೆ ಹೆಸರು. ಉಪಯೋಗ ಹೊಳೆಯದ್ದರಿಂದ ಕಾಣುವ ಆಕಾರವನ್ನೇ ಹೆಸರಾಗಿಟ್ಟರು. ಸಂಗ್ರಹಕಾರರ ಕಣ್ಣಿಗೆ ಅವು ಶುದ್ಧ ಕಲೆ. ಈಗ ವಿದ್ವಾಂಸರು ಬಹುಮಟ್ಟಿಗೆ ಒಪ್ಪುವುದೇನೆಂದರೆ, ಅವು ಹಾರ್ಪೂನಿನ ಹಿಂತುದಿಗೆ ಸಿಕ್ಕಿಸುತ್ತಿದ್ದ ಸಮತೂಕದ ಭಾರಗಳು. ಮುಂದೆ ದಂತದ ಭಾರವಾದ ತುದಿ ಇದ್ದಾಗ ಈಟಿ ನೆಟ್ಟಗೆ ಹಾರಬೇಕಾದರೆ ಹಿಂದೆಯೂ ತೂಕ ಬೇಕು. ಗಾಜಿನ ಪೆಟ್ಟಿಗೆಯಲ್ಲಿ ಒಂಟಿಯಾಗಿ ಕೂತದ್ದು ಒಂದು ಆಯುಧದ ತುಂಡು.

ಹಾಗಾದರೆ ತೂಕದ ತುಂಡಿಗೆ ಅಷ್ಟೊಂದು ಕೊರೆತ ಯಾಕೆ? ಚೆಂದವಾಗಿ ಮಾಡಿದ ಆಯುಧಕ್ಕೆ ಬೇಟೆ ತಾನಾಗಿ ಒಲಿಯುತ್ತದೆ, ಒರಟು ಕೈಯವನಿಂದ ದೂರ ಸರಿಯುತ್ತದೆ ಎಂಬ ನಂಬಿಕೆ ಆ ಜನರಲ್ಲಿದ್ದುದನ್ನು ಅವರ ನಡುವೆ ಬಾಳಿದ ಅನೇಕರು ದಾಖಲಿಸಿದ್ದಾರೆ. ಕೊಂದ ಸೀಲ್‌ನ ಬಾಯಿಗೆ ಸಿಹಿನೀರು ಹನಿಸುವ ಪದ್ಧತಿಯೂ ಅವರದ್ದು. ಉಪ್ಪುನೀರಿನಲ್ಲೇ ಬದುಕಿದ ಪ್ರಾಣಿಗೆ ಬಾಯಾರಿಕೆ, ಅದನ್ನು ತಣಿಸಿದರೆ ಮತ್ತೆ ಬರುತ್ತದೆ ಎಂದು. ಇದನ್ನು ದಯೆ ಎನ್ನಲೇ? ಕೊಂದ ಕೈಯೇ ನೀರು ಹನಿಸುತ್ತಿದೆ. ಆತಕೂರಿನ ಗೊರವನ ಪೂಜೆಯೂ ಇದೂ ಒಂದೇ ಬುಡದ ಮಾತುಗಳು ಎಂದು ನನಗನ್ನಿಸುತ್ತದೆ. ಎರಡೂ ಕಡೆ ಕೊಲೆ ಮುಗಿದ ಮೇಲೆ ಬೇಟೆಗಾರನ ಕೆಲಸ ಮುಗಿಯುವುದಿಲ್ಲ.

ಅವರ ನಾಯಿಗಳ ವಿಷಯವೂ ಹೀಗೆಯೇ. ಬಂಡಿ ಎಳೆಯಲು, ಹಿಮದಡಿ ಸೀಲ್ ಉಸಿರಾಡುವ ತೂತು ಮೂಸಿ ಹುಡುಕಲು, ಹಿಮಕರಡಿಯನ್ನು ತಡೆದು ನಿಲ್ಲಿಸಲು ನಾಯಿ ಬೇಕು. ಕಳೆದ ಶತಮಾನದ ಐವತ್ತು, ಅರವತ್ತರ ದಶಕಗಳಲ್ಲಿ ಕೆನಡಾದ ಪೂರ್ವ ಆರ್ಕ್ಟಿಕ್‌ನಲ್ಲಿ ಪೊಲೀಸರೂ ಅಧಿಕಾರಿಗಳೂ ಈ ನಾಯಿಗಳನ್ನು ಗುಂಡಿಟ್ಟು ಕೊಂದರು. ಇದನ್ನು ವಿಚಾರಿಸಲು ಇನುಯಿಟ್ ಜನ ತಾವೇ ಕಿಕಿಕ್‌ತಾನಿ ಸತ್ಯ ಆಯೋಗ ರಚಿಸಿಕೊಂಡರು. ಅದರ ವರದಿ 2010ರಲ್ಲಿ ಬಂತು. 2019ರಲ್ಲಿ ಕೆನಡಾ ಸರ್ಕಾರ ಕ್ಷಮೆ ಕೇಳಿತು. ಆ ಜನ ಹೇಳಿಕೊಂಡ ದುಃಖ ಸಾಕುಪ್ರಾಣಿ ಕಳೆದುಕೊಂಡವರ ದುಃಖಕ್ಕಿಂತ ದೊಡ್ಡದು. ನಾಯಿ ಹೋದರೆ ಬೇಟೆ ಹೋಯಿತು, ಬೇಟೆ ಹೋದರೆ ಅಲೆದಾಟದ ಬದುಕು ಹೋಗಿ ಸರ್ಕಾರ ಕಟ್ಟಿದ ಕಾಲೊನಿಯಲ್ಲಿ ಕೂರಬೇಕಾಯಿತು. ಮಣಲೇರ ಕಾಳಿಯನ್ನು ಕೇಳಿದ್ದನ್ನು ಅರ್ಥಮಾಡಿಕೊಳ್ಳಲು ನಮ್ಮ ಅಪಾರ್ಟ್‌ಮೆಂಟಿನ ಲ್ಯಾಬ್ರಡಾರಿಗಿಂತ ಈ ಉದಾಹರಣೆ ಹತ್ತಿರದ್ದು.

ಇಷ್ಟು ಹೇಳಿದರೆ ಒಬ್ಬರಲ್ಲ ಒಬ್ಬರು ಕೇಳುತ್ತಾರೆ: ಇನುಯಿಟ್ ಜನರ ದಂತದ ಕೆತ್ತನೆಗೆ ನಮ್ಮಲ್ಲಿ ಸಾಟಿ ಬೇಕಾದರೆ ಮೈಸೂರು ಇದೆಯಲ್ಲ, ಮಂಡ್ಯದ ಒಂದು ಒರಟು ಕಲ್ಲು ಯಾಕೆ? ಬೀಟೆಯ ಬಾಗಿಲಲ್ಲಿ ದಂತ ಕೂರಿಸಿದ ಅಂಬಾವಿಲಾಸ ಅರಮನೆ ಇಲ್ಲವೇ, ದಂತದ ಕೆತ್ತನೆಗೆ ಹೆಸರಾದ ಕುಶಲಿಗಳು ಇರಲಿಲ್ಲವೇ? ಇದ್ದರು, ಅವರ ಕೈಚಳಕದ ಬಗ್ಗೆ ಎರಡು ಮಾತಿಲ್ಲ. ಆದರೆ ಹೋಲಿಕೆ ದಂತ ಎಂಬ ವಸ್ತುವಿನಿಂದ ಹುಟ್ಟಿದ್ದೇ ಹೊರತು ಬದುಕಿನಿಂದಲ್ಲ. ಮೈಸೂರಿನ ದಂತದ ಕೆಲಸಗಾರ ಆನೆಯ ಬೆನ್ನು ಹತ್ತಿದವನಲ್ಲ. ಆನೆ ಹಿಡಿಯುವವರು ಬೇರೆ: ಬ್ರಿಟಿಷ್ ಅಧಿಕಾರಿ ಸ್ಯಾಂಡರ್ಸನ್ 1874ರಲ್ಲಿ ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿ ಗೆದ್ದಂದಿನಿಂದ 1971ರ ಕಾಕನಕೋಟೆಯ ಕೊನೆಯ ಖೆಡ್ಡಾದವರೆಗೆ ಅದು ಸರ್ಕಾರದ, ಅರಮನೆಯ ಕಾರ್ಯ, ಓಡಿಸಿ ಕೂಡಿಹಾಕಲು ಬೆವರು ಹರಿಸಿದವರು ಕಾಡಿನ ಬುಡಕಟ್ಟಿನವರು. ದಂತ ಉಗ್ರಾಣದಿಂದ ಬರುತ್ತಿತ್ತು. ಕೊಳ್ಳುವವರು ಮೊದಲು ಅರಮನೆ, ಆಮೇಲೆ ಪ್ರವಾಸಿಗಳು. ಕೆತ್ತಿದವನಿಗೂ ಸತ್ತ ಪ್ರಾಣಿಗೂ ನಡುವೆ ಯಾವ ಸಾಲವೂ ಇರಲಿಲ್ಲ, ಬಿಲ್ಲು ಮಾತ್ರ ಇತ್ತು.

ಮೈಸೂರಿನ ದಂತಕ್ಕೆ ಅಲ್ಲೊಂದು ಜೋಡಿ ಹುಡುಕಲೇಬೇಕೆಂದರೆ ಅದು ಹಳೆಯ ಹಾರ್ಪೂನ್ ಅಲ್ಲ, 1949ರ ನಂತರದ ಅಂಗಡಿ ಕೆತ್ತನೆ. ಜೇಮ್ಸ್ ಹ್ಯೂಸ್ಟನ್ ಎಂಬ ಕಲಾವಿದ 1948ರಲ್ಲಿ ಇನುಕ್‌ಜುವಾಕ್ ಎಂಬಲ್ಲಿಗೆ ಹೋಗಿ ಅಲ್ಲಿನ ಪುಟ್ಟ ಕೆತ್ತನೆಗಳನ್ನು ಕಂಡು ಬೆರಗಾದ. ಮರುವರ್ಷದ ನವೆಂಬರಿನಲ್ಲಿ ಮಾಂಟ್ರಿಯಲ್ ನಗರದಲ್ಲಿ ಅವನು ಸಂಗ್ರಹಿಸಿ ತಂದ ಕೆತ್ತನೆಗಳ ಮಾರಾಟ ನಡೆಯಿತು, ಬಹುಬೇಗ ಖಾಲಿಯಾಯಿತು. ಆಮೇಲೆ ಬೇಡಿಕೆ ಬೆಳೆದಂತೆ ದಂತಕ್ಕಿಂತ ಕಲ್ಲಿನಲ್ಲಿ, ಕೈಯಲ್ಲಿ ಹಿಡಿಯುವಷ್ಟಕ್ಕಿಂತ ಮೇಜಿನ ಮೇಲೆ ಇಡುವಷ್ಟು ದೊಡ್ಡದಾಗಿ ಕೆತ್ತತೊಡಗಿದರು. ಬೇಟೆ ಕುಗ್ಗಿದ ಕಾಲದಲ್ಲಿ ಅನೇಕ ಮನೆಗಳಿಗೆ ಅದೇ ಅನ್ನವಾಯಿತು. ಅದನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಆದರೆ ಅದನ್ನೇ ಅನಾದಿ ಕಲೆ ಎಂದು ಮಾರುವುದೂ, ಆತಕೂರಿನ ಕಲ್ಲನ್ನು ನಾಯಿಪ್ರೀತಿ ಎಂದು ಹೇಳುವುದೂ ಒಂದೇ ಜಾತಿಯ ತಪ್ಪು. ಎರಡರಲ್ಲೂ ಬೇಟೆಯನ್ನು ಹಿಂಬಾಗಿಲಿನಿಂದ ಸಾಗಹಾಕಿ, ನೋಡಲು ಹಿತವಾದದ್ದನ್ನು ಪಡಸಾಲೆಯಲ್ಲಿಟ್ಟಿರುತ್ತಾರೆ.

ನಮ್ಮಲ್ಲಿ ಬೇಟೆ ಮರೆತುಹೋಗಲು ಇನ್ನೊಂದು ಕಾರಣ ಇದೆ, ಅದು ಯಾರ ತಪ್ಪೂ ಅಲ್ಲ. ಇನುಯಿಟ್ ಜನರ ಉತ್ತರದ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಎರಡು ಸಾವಿರ ವರ್ಷದ ದಂತ, ಮೂಳೆ, ಮರ ಕೂಡ ಅಲ್ಲಿ ಕೆಡದೆ ಉಳಿಯುತ್ತವೆ. ಅದಕ್ಕೇ ಅವರ ಆಯುಧ ನಮಗೆ ಕಾಣುತ್ತದೆ. ಮದ್ದೂರು ಮಳವಳ್ಳಿಯ ಕೆಮ್ಮಣ್ಣಿನಲ್ಲಿ ಈಟಿಯ ಹಿಡಿಯನ್ನು ಗೆದ್ದಲು ತಿಂದಿತು, ಅಲಗನ್ನು ತುಕ್ಕು ತಿಂದಿತು, ಬಲೆಯ ನಾರು ನಾಕು ಮಳೆಗಾಲ ಕಾಣಲಿಲ್ಲ. ಉಳಿದದ್ದು ಕಲ್ಲು. ಉಳಿದದ್ದನ್ನೇ ಕಂಡು ನಮ್ಮವರು ಕೆತ್ತಿದರು, ಪೂಜಿಸಿದರು ಎಂದುಕೊಂಡೆವು. ಏನು ಹಿಡಿದು ಬೇಟೆಗೆ ಹೋದರು, ಆ ಅಲಗನ್ನು ಯಾರು ಕಾಸಿ ಬಡಿದರು ಎಂದು ಕೇಳುವುದು ಬಿಟ್ಟೆವು.

ಕೇಳುವವರಿಗೆ ಮಳವಳ್ಳಿ ತಾಲ್ಲೂಕಿನಲ್ಲೇ ಸುಳಿವಿದೆ. ಮಂಟೇಸ್ವಾಮಿ ಕಾವ್ಯದಲ್ಲಿ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹೋಗುವುದು ಹಲಗೂರಿಗೆ, ಅಲ್ಲಿನ ಕಮ್ಮಾರರಾದ ಪಾಂಚಾಳರ ಬಳಿಗೆ. ಅವರು ಕೊಡಲು ಒಪ್ಪುವುದಿಲ್ಲ, ಇಡೀ ಕತೆ ಆ ನಿರಾಕರಣೆಯ ಸುತ್ತ ತಿರುಗುತ್ತದೆ. ನೀಲಗಾರರು ರಾತ್ರಿಯಿಡೀ ಹಾಡುವ ಈ ಕಾವ್ಯವನ್ನು ಭಕ್ತಿಯ, ಜಾತಿಯ ಕತೆಯಾಗಿ ನಮ್ಮ ವಿಮರ್ಶೆ ಸಾಕಷ್ಟು ಓದಿದೆ. ಅದರಲ್ಲಿ ಕಬ್ಬಿಣದ ಕತೆಯೂ ಇದೆ: ಕಾಡಂಚಿನ ಒಂದು ಊರು ಕುಲುಮೆಗಳಿಂದ ಎಷ್ಟು ಬಲವಾಗಿತ್ತೆಂದರೆ ಪವಾಡಪುರುಷನಿಗೂ ಇಲ್ಲ ಎನ್ನಬಲ್ಲದಾಗಿತ್ತು. ಕುಡುಗೋಲು, ಗುಳ ಬಡಿದ ಕುಲುಮೆಯಲ್ಲೇ ಭರ್ಜಿ, ಈಟಿಯ ಅಲಗೂ ಆಗುತ್ತವೆ. ಬೇಟೆಯ ಚರಿತ್ರೆ ಬರೆಯುವವರು ಆಸ್ಥಾನದ ಗ್ರಂಥಗಳ ಜೊತೆಗೆ ಈ ಹಾಡನ್ನೂ ಕೇಳಬೇಕು. ಆಸ್ಥಾನದ ಗ್ರಂಥದಲ್ಲಿ ಬೇಟೆ ವಿನೋದ. ಕುಲುಮೆಯವನಿಗೆ, ಬಲೆ ಹೆಣೆಯುವವನಿಗೆ, ನಾಯಿಯ ಹಗ್ಗ ಹಿಡಿದವನಿಗೆ ಅದು ಕಾಯಕ. ಆತಕೂರಿನ ಕಲ್ಲಿನಲ್ಲಿ ನಾಯಿಗೆ ಹೆಸರಿದೆ, ಬೆಳತೂರಿನ ಗುಡ್ಡದಲ್ಲಿ ಹಂದಿಯನ್ನು ಅಟ್ಟಿಕೊಂಡು ಬಂದವರಿಗಿಲ್ಲ.

ನನ್ನ ವಾದಕ್ಕೆ ಬರಬಹುದಾದ ಗಟ್ಟಿ ಆಕ್ಷೇಪ ಒಂದಿದೆ. ನಾಯಿಯನ್ನು ಆಯುಧ ಎಂದರೆ ಅದರ ಹೆಸರಿಗೆ ಏನು ಹೇಳುತ್ತೀರಿ? ಆಯುಧಕ್ಕೆ ಪೂಜೆ ಇಟ್ಟವರು, ನಿತ್ಯ ಊಟಕ್ಕೆ ಮೊದಲು ಅದನ್ನು ನೆನೆಯಬೇಕೆಂದವರು ಪ್ರೀತಿಸಲಿಲ್ಲವೇ? ಪ್ರೀತಿಸಿದರು. ನಾನು ಅಲ್ಲಗಳೆಯುವುದು ಪ್ರೀತಿಯನ್ನಲ್ಲ, ಉಪಯೋಗ ಬಂದಲ್ಲಿ ಪ್ರೀತಿ ಇರದು ಎಂಬ ಇತ್ತೀಚಿನ ನಂಬಿಕೆಯನ್ನು. ಆಯುಧಪೂಜೆಯ ದಿನ ಟ್ರ್ಯಾಕ್ಟರಿಗೂ ಲೇತ್ ಯಂತ್ರಕ್ಕೂ ಕುಂಬಳಕಾಯಿ ಒಡೆಯುವ ಜಿಲ್ಲೆಗೆ ಇದನ್ನು ವಿವರಿಸಬೇಕಾಗಿ ಬಂದದ್ದೇ ಸೋಜಿಗ. ಮದ್ದೂರು ತಾಲ್ಲೂಕಿನದೇ ಆದ ಕೊಕ್ಕರೆ ಬೆಳ್ಳೂರನ್ನು ನೋಡಿ. ಊರ ಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳನ್ನು ಜನ ಮನೆಮಗಳು ಬಾಣಂತನಕ್ಕೆ ಬಂದಳೆಂದು ಕಾಯುತ್ತಾರೆ. ಮರದಡಿ ಬಿದ್ದ ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರವಾಗಿಯೂ ಹಾಕುತ್ತಾರೆ. ಗೊಬ್ಬರದ ಮಾತು ಎತ್ತಿದರೆ ಅವರ ಪ್ರೀತಿ ಕಡಿಮೆಯಾಯಿತೇ? ಪಕ್ಷಿಪ್ರೇಮಿಗಳ ಲೇಖನಗಳಲ್ಲಿ ಗೊಬ್ಬರ ಬಂದರೆ ಕೊನೆಯ ಸಾಲಿನಲ್ಲಿ ಬರುತ್ತದೆ, ಬಾಣಂತನ ಮೊದಲ ಸಾಲಿನಲ್ಲಿ. ಊರವರ ಲೆಕ್ಕದಲ್ಲಿ ಎರಡೂ ಅಕ್ಕಪಕ್ಕ.

ಇನ್ನು ಕಾನೂನಿನ ಲೆಕ್ಕ. 1972ರಲ್ಲಿ ಎರಡು ದೇಶಗಳು ಬೇಟೆಯ ಬಗ್ಗೆ ಕಾನೂನು ಮಾಡಿದವು. ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಸೆಪ್ಟೆಂಬರಿನಲ್ಲಿ. ಅಮೆರಿಕದ ಕಡಲ ಸಸ್ತನಿಗಳ ಸಂರಕ್ಷಣಾ ಕಾಯ್ದೆ ಮರುತಿಂಗಳು. ಅಮೆರಿಕದ ಕಾಯ್ದೆ ಅಲಾಸ್ಕಾ ಕರಾವಳಿಯ ಮೂಲನಿವಾಸಿಗಳಿಗೆ ವಾಲ್ರಸ್ ಬೇಟೆಯನ್ನೂ ಅದರ ದಂತದಲ್ಲಿ ಕರಕುಶಲ ವಸ್ತು ಮಾಡಿ ಮಾರುವುದನ್ನೂ ಬಿಟ್ಟುಕೊಟ್ಟಿತು. ಆಮೇಲೆ ಆಫ್ರಿಕ ಆನೆಗಳ ಹತ್ಯೆ ತಡೆಯಲು ನ್ಯೂಜೆರ್ಸಿ, ಕ್ಯಾಲಿಫೋರ್ನಿಯ ಮುಂತಾದ ರಾಜ್ಯಗಳು ದಂತ ಎಂಬುದನ್ನೆಲ್ಲ ಒಟ್ಟಿಗೆ ನಿಷೇಧಿಸಿದಾಗ ಅಲಾಸ್ಕಾದ ಕುಶಲಿಗೂ ಮಾರುಕಟ್ಟೆ ತಪ್ಪಿತು. ಅವನ ದಂತ ಊಟಕ್ಕೆಂದು ಕೊಂದ ಪ್ರಾಣಿಯದ್ದು ಎಂಬುದನ್ನು ಆ ಕಾನೂನು ವಿಚಾರಿಸಲಿಲ್ಲ. ಭಾರತದಲ್ಲಿ ದೇಶೀ ದಂತದ ವ್ಯಾಪಾರ 1986ರ ತಿದ್ದುಪಡಿಯಿಂದ, ಆಫ್ರಿಕದ ದಂತದ್ದು 1991ರ ತಿದ್ದುಪಡಿಯಿಂದ ನಿಂತಿತು. ಮೈಸೂರಿನ ಬೀಟೆಯಲ್ಲಿ ದಂತದ ಜಾಗಕ್ಕೆ ಪ್ಲಾಸ್ಟಿಕ್ಕೂ ಬಣ್ಣಬಣ್ಣದ ಮರದ ಚೂರುಗಳೂ ಬಂದವು. ಆ ನಿಷೇಧ ಸರಿಯೇ ಆಗಿತ್ತು. ಕಾವೇರಿಯ ದಡದ ಕಾಡುಗಳಲ್ಲಿ ವೀರಪ್ಪನ್ ಕೊಂದ ಸಲಗಗಳ ದಂತ ಯಾವ ಪೂಜೆಗೂ ಹೋಗಲಿಲ್ಲ, ಯಾವ ಊಟಕ್ಕೂ ಒದಗಲಿಲ್ಲ. ಬೇಟೆಗೂ ಕಳ್ಳಬೇಟೆಗೂ ಇರುವ ಅಂತರ ತಿಳಿಯದವರು ಎರಡನ್ನೂ ಒಂದೇ ಉಸಿರಿನಲ್ಲಿ ಬೈಯುತ್ತಾರೆ, ಇಲ್ಲವೇ ಎರಡನ್ನೂ ಶೌರ್ಯ ಎನ್ನುತ್ತಾರೆ.

ಬೆಳತೂರಿನ ಗುಡ್ಡದ ಹಂದಿಯ ವಂಶ ಮಾತ್ರ ಇನ್ನೂ ಜೀವಂತ. ಕಾಲುವೆ ನೀರು ಬಂದ ಮೇಲೆ ಕಬ್ಬಿನ ಗದ್ದೆಗಿಂತ ಒಳ್ಳೆಯ ಅಡಗುತಾಣ ಅದಕ್ಕೆ ಬೇರೆ ಬೇಕಿಲ್ಲ. ಮಳವಳ್ಳಿಯ ಕಾಡಂಚಿನಲ್ಲಿ ರಾಗಿ, ಜೋಳ, ಗೆಣಸು ಹಾಕಿದವರು ಹಳೇ ಸೀರೆ ಕಟ್ಟಿ, ಅಟ್ಟಣೆ ಮೇಲೆ ಕೂತು, ಪಟಾಕಿ ಸಿಡಿಸಿ ಕಾಯುತ್ತಾರೆ. ಹಂದಿ ಹೋದರೆ ಆನೆ ಬರುತ್ತದೆ. ಅನುಮತಿಯಿಲ್ಲದೆ ಹಂದಿ ಕೊಲ್ಲುವುದು ಅಪರಾಧ. ಹಾಗಾಗಿ ಕೊಲ್ಲುವವರು ಕದ್ದು ಕೊಲ್ಲುತ್ತಾರೆ: ಬೈಕಿನ ಕ್ಲಚ್ ವೈರಿನ ಉರುಳು, ಹಿಟ್ಟಿನುಂಡೆಯಲ್ಲಿ ಅಡಗಿಸಿದ ಸಿಡಿಮದ್ದು, ಕದ್ದು ಹಾಯಿಸಿದ ಕರೆಂಟು. ಉರುಳಿಗೆ ಚಿರತೆ ಬೀಳುತ್ತದೆ, ಸಿಡಿಮದ್ದಿಗೆ ಹಸು ಬಾಯಿಡುತ್ತದೆ, ಕರೆಂಟಿಗೆ ಮನುಷ್ಯರೇ ಸಾಯುತ್ತಾರೆ. ಬೇಟೆಯ ಆಯುಧ ಇಷ್ಟು ಕುರುಡಾದದ್ದು ನಮ್ಮ ಕಾಲದಲ್ಲಿ. ಯಾವ ಪ್ರಾಣಿ, ಎಷ್ಟು ದೊಡ್ಡದು, ಎಲ್ಲಿ ಸಿಕ್ಕಿತು ಎಂದು ಹೇಳಲು ಬರುವಂಥ ಬೇಟೆಗೆ ಮಾತ್ರ ಕಲ್ಲು ನಿಲ್ಲಿಸಲು ಸಾಧ್ಯ. ಹಳೆಯ ಬೇಟೆಯನ್ನು ಮತ್ತೆ ತರಬೇಕೆಂದು ನಾನು ವಾದಿಸುತ್ತಿಲ್ಲ. ಕಾಡು ಉಳಿದಿರುವುದೇ ಅಷ್ಟಿಷ್ಟು. ಆದರೆ ಬೆಳೆ ಕಳೆದುಕೊಂಡು ಪರಿಹಾರದ ಅರ್ಜಿ ಹಿಡಿದು ಅಲೆಯುವ ರೈತನ ಎದುರು ನಿಂತು, ನಿನ್ನ ಪೂರ್ವಿಕರು ಎಂಥ ಪ್ರಾಣಿಪ್ರೇಮಿಗಳು ನೋಡು ಎಂದು ಆತಕೂರಿನ ಕಲ್ಲನ್ನು ತೋರಿಸುವುದು ಅನ್ಯಾಯ. ಆ ಕಲ್ಲು ಹೇಳುವುದು ಅವನ ಕಷ್ಟದ ಕಡೆಯ ಮಾತನ್ನು. ಕೆರೆ ಕಟ್ಟಿ ಗದ್ದೆ ಮಾಡಿದ ನಾಡಿನಲ್ಲಿ ದೊಡ್ಡ ಹಂದಿಯೊಂದನ್ನು ಕೊಲ್ಲುವುದು ಊರಿಗೆಲ್ಲ ಬೇಕಾದ ಕೆಲಸವೂ ಆಗಿದ್ದಿರಬೇಕು. ಎರಡು ಕಂಡುಗ ಮಣ್ಣು ಬಿಡಲು ಅದೂ ಒಂದು ಕಾರಣವೆಂದು ಊಹಿಸಿದರೆ ತಪ್ಪಾಗಲಾರದು.

ಕಲ್ಲು ಈಗ ಆತಕೂರಿನಲ್ಲಿಲ್ಲ, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಳೆ ಬಿಸಿಲಿಗೆ ಕೆಡದೆ ಉಳಿದದ್ದು ಒಳ್ಳೆಯದೇ. ಆದರೆ ಚಲ್ಲೇಶ್ವರನಿಂದ, ಗೊರವನ ಪೂಜೆಯಿಂದ, ಎರಡು ಕಂಡುಗ ಮಣ್ಣಿನಿಂದ ಬೇರ್ಪಟ್ಟ ಮೇಲೆ ಅದು ನಮ್ಮ ರೆಕ್ಕೆಯ ವಸ್ತುವಾಗಿದೆ. ನೋಡುವವರು ತಮಗೆ ಬೇಕಾದ ಅರ್ಥ ತೊಡಿಸಬಹುದು. ಆತಕೂರಿನಲ್ಲಿ ಅದರ ಪಡಿಯಚ್ಚೊಂದನ್ನು ನಿಲ್ಲಿಸುವುದಾದರೆ, ಪಕ್ಕದ ಫಲಕದಲ್ಲಿ ಪ್ರಾಣಿದಯೆ ಎಂದು ಬರೆಯುವ ಬದಲು ಶಾಸನದಲ್ಲಿರುವಷ್ಟನ್ನು ಹೊಸಗನ್ನಡದಲ್ಲಿ ಬರೆದರೆ ಸಾಕು: ಯುದ್ಧ, ಬಾಳ್ಗಚ್ಚು, ನಾಯಿಯ ಹೆಸರು, ಗುಡ್ಡ ಯಾವ ಊರಿನ ಯಾವ ದಿಕ್ಕಿಗೆ, ಹಂದಿಯೂ ಸತ್ತ ವಿಷಯ, ಮಣ್ಣಿನ ಅಳತೆ, ಶಾಪ. ನಾಯಿ ಮಾಡಿದ ಪಾಪ ಎಂದರೇನು ಎಂದು ಶಾಲೆಯ ಮಕ್ಕಳು ಕೇಳುತ್ತಾರೆ. ಮೇಷ್ಟರು ಉತ್ತರ ಸಿದ್ಧ ಮಾಡಿಕೊಳ್ಳಲಿ.